ಮುಚ್ಚಲು ಬಾಗಿಲಿಲ್ಲದವರು

ಅರಸೀಕೆರೆಯಲ್ಲಿ ಸಂಸಾರ ಮಾಡಿದವರಿಗೆ ರೈಲು ನಿಲ್ದಾಣವೆಂದರೆ ಮನೆಯ ಹೊರಜಗಲಿ ಇದ್ದ ಹಾಗೆ. ಮಗಳನ್ನು ಬಾಣಂತನಕ್ಕೆ ಕರೆತರುವುದು, ಮಗನನ್ನು ಕೆಲಸಕ್ಕೆ ಕಳಿಸುವುದು, ಬಂದ ನೆಂಟರಿಗೆ ತೆಂಗಿನಕಾಯಿಯ ಚೀಲ ಹೊರಿಸಿ ಬೀಳ್ಕೊಡುವುದು, ಎಲ್ಲಕ್ಕೂ ಅದೇ ಪ್ಲಾಟ್‌ಫಾರಂ. 2025ರ ಜನವರಿ 6ರ ರಾತ್ರಿ ನಾನು ಮಗನನ್ನು ಬೆಂಗಳೂರಿನ ರೈಲು ಹತ್ತಿಸಲು ಹೋಗಿದ್ದೆ. ಚಳಿ ಕಚ್ಚುತ್ತಿತ್ತು. ಕಲ್ಲುಬೆಂಚಿನ ಸುತ್ತ ಗುಲಾಬಿ ಬಣ್ಣದ ಸೀರೆ ಉಟ್ಟ ಹೆಂಗಸರ ಒಂದು ಗುಂಪು ಕುಳಿತಿತ್ತು. ಕೈಯಲ್ಲಿ ನೀರಿನ ಬಾಟಲಿ, ಬುತ್ತಿಯ ಗಂಟು, ಒಂದೊಂದು ಹೊದಿಕೆ. ಯಾವುದೋ ಜಾತ್ರೆಗೆ ಹೊರಟವರಂತೆ ಕಂಡರು.

"ನಮಸ್ಕಾರ ಮೇಡಮ್ಮೋರೆ" ಎಂದು ಅವರಲ್ಲೊಬ್ಬಳು ಎದ್ದು ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಹಳೇಬೀಡಿನ ಕಡೆ ನಾನು ಕೆಲಸ ಮಾಡುತ್ತಿದ್ದಾಗ ಎಸ್ಸೆಸ್ಸೆಲ್ಸಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ನನ್ನ ಅತ್ತೆಯ ಊರಿಗೇ ಸೊಸೆಯಾಗಿ ಬಂದು, ಅಲ್ಲಿಯೇ ಆಶಾ ಕಾರ್ಯಕರ್ತೆಯಾಗಿದ್ದಾಳೆ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬೇಡ ಅಂದಳು. ಊರಿನಲ್ಲಿಯೂ ಅವಳ ಹೆಸರು ಹೇಳುವವರು ಕಡಿಮೆ. "ಆಶಾ ಬಂದ್ಲು", "ಆಶಾನ ಕರೀರಿ" ಎನ್ನುತ್ತಾರೆ. ಹಾಜರಿ ಪುಸ್ತಕ ಹಿಡಿದು ದಿನವೂ ಅವಳ ಹೆಸರು ಕೂಗುತ್ತಿದ್ದ ನಾನೂ ಈಗ ಹಾಗೆಯೇ ಕರೆಯುತ್ತೇನೆ.

"ಎಲ್ಲಿಗೇ ಈ ಚಳಿಯಲ್ಲಿ?" ಎಂದೆ.

"ಫ್ರೀಡಂ ಪಾರ್ಕಿಗೆ ಮೇಡಮ್ಮೋರೆ. ನಾಳೆಯಿಂದ ಧರಣಿ."

ನನ್ನ ಬಾಯಿಂದ ಬಂದ ಮಾತು ಏನು ಗೊತ್ತೆ? "ನೀವೆಲ್ಲ ಹೀಗೆ ಹೊರಟುಬಿಟ್ಟರೆ ಬಸುರಿ ಬಾಣಂತಿಯರ ಗತಿ ಏನೇ?"

ಅವಳು ಸಿಟ್ಟಾಗಲಿಲ್ಲ. ನಗುತ್ತಲೇ ಅಂದಳು: "ನೀವು ಸ್ಟ್ರೈಕ್ ಮಾಡಿದ ದಿನ ನನ್ನ ಮಗಳು ಸ್ಕೂಲಿಗೆ ಹೋಗಿ ವಾಪಸ್ ಬಂದ್ಲು. ಮಕ್ಕಳ ಗತಿ ಏನು ಅಂತ ನಾನು ನಿಮ್ಮನ್ನ ಕೇಳ್ಲಿಲ್ಲ ಅಲ್ವಾ ಮೇಡಮ್ಮೋರೆ?"

ಅಷ್ಟರಲ್ಲಿ ರೈಲು ಬಂತು. ಅವಳು ಓಡಿದಳು. ಮಗ ಕಿಟಕಿಯಿಂದ ಕೈ ಬೀಸಿದ್ದೂ ನನಗೆ ಸರಿಯಾಗಿ ಕಾಣಲಿಲ್ಲ.

ಅವಳು ಹೇಳಿದ ಆ ದಿನ 2023ರ ಮಾರ್ಚ್ 1. ರಾಜ್ಯ ಸರ್ಕಾರಿ ನೌಕರರ ಮುಷ್ಕರ. ವೇತನ ಪರಿಷ್ಕರಣೆ ಬೇಕು, ಹಳೆಯ ಪಿಂಚಣಿ ಬೇಕು ಎಂದು ನಾವು ಕೆಲಸಕ್ಕೆ ಹೋಗಲಿಲ್ಲ. ನಾನು ಆ ಬೆಳಿಗ್ಗೆ ನಿಧಾನವಾಗಿ ಕಾಫಿ ಕುಡಿದು, ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಇಳಿಸಿ ಒರೆಸುತ್ತಿದ್ದೆ. ಕಚೇರಿ, ಶಾಲೆ ಎಲ್ಲ ಒಟ್ಟಿಗೆ ನಿಂತಿದ್ದರಿಂದ ಸರ್ಕಾರಕ್ಕೆ ಬಿಸಿ ತಟ್ಟಿತು. ಅದೇ ದಿನ ಮೂಲವೇತನದ ಶೇಕಡಾ 17ರಷ್ಟು ಮಧ್ಯಂತರ ಪರಿಹಾರದ ಆದೇಶ ಹೊರಬಿತ್ತು, ಮುಷ್ಕರ ಮುಗಿಯಿತು. ಮುಂದೆ 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ವರದಿಯಂತೆ ಸಂಬಳವೂ ಏರಿತು. ನಾನು ಒಂದು ಘೋಷಣೆ ಕೂಗಲಿಲ್ಲ, ಬಿಸಿಲಿಗೆ ತಲೆ ಒಡ್ಡಲಿಲ್ಲ. ಮನೆಯಲ್ಲಿ ಕುಳಿತು ಜಾಡಿ ಒರೆಸಿದ್ದಕ್ಕೆ ಸಿಕ್ಕಿದ ಫಲ ಅದು. ಆ ಹೊತ್ತು ಮಕ್ಕಳ ಗತಿ ನನ್ನ ನೆನಪಿಗೂ ಬಂದಿರಲಿಲ್ಲ.

ಅವತ್ತು ರಾತ್ರಿ ಮನೆಗೆ ಬಂದು ಮಲಗಿದರೆ ನಿದ್ದೆ ಹತ್ತಲಿಲ್ಲ. ಇನ್ನೊಂದು ಮುಷ್ಕರ ನೆನಪಾಯಿತು.

ಅದು 2017ರ ನವೆಂಬರ್. ಖಾಸಗಿ ಆಸ್ಪತ್ರೆಗಳನ್ನು ಹತೋಟಿಯಲ್ಲಿಡಲು ಸರ್ಕಾರ ಒಂದು ಕಾನೂನಿನ ತಿದ್ದುಪಡಿ ತರಲು ಹೊರಟಿತ್ತು. ರಮೇಶ್ ಕುಮಾರ್ ಅವರು ಆಗ ಆರೋಗ್ಯ ಮಂತ್ರಿ. ಯಾವ ಚಿಕಿತ್ಸೆಗೆ ಎಷ್ಟು ಹಣ ಎಂದು ಸರ್ಕಾರವೇ ಗೊತ್ತುಮಾಡುವುದು, ರೋಗಿಗಳ ದೂರು ಕೇಳಲು ಜಿಲ್ಲೆಗೊಂದು ಸಮಿತಿ, ತಪ್ಪು ಮಾಡಿದರೆ ದಂಡ ಮತ್ತು ಜೈಲು ಎಂದು ಅದರಲ್ಲಿತ್ತು. ಭಾರತೀಯ ವೈದ್ಯಕೀಯ ಸಂಘದ ರಾಜ್ಯ ಶಾಖೆ ಎದ್ದು ನಿಂತಿತು. ನವೆಂಬರ್ 3ರಂದು ಒಂದು ದಿನ ಆಸ್ಪತ್ರೆಗಳ ಬಾಗಿಲು ಮುಚ್ಚಿತು. ಬೆಳಗಾವಿಯಲ್ಲಿ ಅಧಿವೇಶನ ಶುರುವಾದಾಗ, 13ರಂದು, ಸಾವಿರಾರು ವೈದ್ಯರು ಅಲ್ಲಿಗೇ ಹೋದರು. 16ರಂದು ರಾಜ್ಯದಾದ್ಯಂತ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗ ಬಂದ್.

ಆ ಗುರುವಾರ ನನ್ನ ಅತ್ತೆಗೆ ಉಸಿರಾಟದ ತೊಂದರೆ ಹೆಚ್ಚಾಯಿತು. ಅತ್ತೆ ಮೈದುನನ ಜೊತೆ ಊರಿನಲ್ಲಿದ್ದರು. ಯಾವಾಗಲೂ ತೋರಿಸುತ್ತಿದ್ದ ಪಟ್ಟಣದ ನರ್ಸಿಂಗ್ ಹೋಮಿಗೆ ಮೈದುನ ಆಟೋದಲ್ಲಿ ಕರೆದುಕೊಂಡು ಹೋದರೆ ಕಬ್ಬಿಣದ ಬಾಗಿಲಿಗೆ ಬೀಗ, ಅದರ ಮೇಲೊಂದು ಚೀಟಿ. ಒಳಗೆ ಯಾರೂ ಇಲ್ಲ. ಏನು ಮಾಡಬೇಕೆಂದು ತೋಚದೆ ಅವನು ಊರಿಗೆ ಫೋನು ಮಾಡಿದ್ದು ನನಗಲ್ಲ, ನನ್ನ ಗಂಡನಿಗಲ್ಲ, ಇವಳಿಗೆ. ಗುರುವಾರವೆಂದರೆ ಇವಳಿಗೆ ಮಕ್ಕಳ ಚುಚ್ಚುಮದ್ದಿನ ದಿನ. ಅಷ್ಟು ಮಕ್ಕಳ ತಾಯಂದಿರನ್ನು ಸಿಸ್ಟರ್ ಕೈಗೆ ಒಪ್ಪಿಸಿ, 108ಕ್ಕೆ ಫೋನು ಮಾಡಿ, ತಾನೂ ಬಸ್ಸು ಹಿಡಿದು ಸರ್ಕಾರಿ ಆಸ್ಪತ್ರೆಗೆ ಬಂದಳು. ಖಾಸಗಿಯವರ ಬಾಗಿಲು ಮುಚ್ಚಿದ್ದರಿಂದ ಅಲ್ಲಿ ಜನವೋ ಜನ. ನಾನು ಅರಸೀಕೆರೆಯಿಂದ ಜಾವಗಲ್ ದಾರಿ ಹಿಡಿದು ಹೋಗಿ ಮುಟ್ಟುವ ಹೊತ್ತಿಗೆ ಅತ್ತೆಗೆ ಆಕ್ಸಿಜನ್ ಹಾಕಿದ್ದರು. ಇವಳು ಮಂಚದ ಪಕ್ಕ ನೆಲದ ಮೇಲೆ ಕುಳಿತು ಅತ್ತೆಯ ಅಂಗಾಲು ತಿಕ್ಕುತ್ತಿದ್ದಳು.

"ನಮ್ಮವ್ವ ಬಂದಂಗ್ ಬಂದ್ಲು ಕಣೆ" ಎಂದು ಅತ್ತೆ ಆಮೇಲೆ ಎಷ್ಟು ಸಲ ಹೇಳಿದರೋ. ಮತ್ತೆ ಮೂರು ವರ್ಷ ಬದುಕಿದ್ದರು. ಆ ದಿನದ ಕೆಲಸಕ್ಕೆ ಇವಳಿಗೆ ಒಂದು ಪೈಸೆಯೂ ಬರಲಿಲ್ಲ. ಅತ್ತೆಯಂಥ ಮುದುಕಿಯನ್ನು ಆಸ್ಪತ್ರೆಗೆ ಮುಟ್ಟಿಸುವುದು ಇವಳ ಪ್ರೋತ್ಸಾಹಧನದ ಪಟ್ಟಿಯಲ್ಲಿ ಇರಲಿಲ್ಲ.

ಮಾರನೆಯ ದಿನ, 17ರಂದು, ಮುಖ್ಯಮಂತ್ರಿಗಳ ಜೊತೆ ಮಾತುಕತೆಯಾಗಿ ವೈದ್ಯರ ಮುಷ್ಕರ ನಿಂತಿತು. ಹೈಕೋರ್ಟು ಕೂಡ ಕೆಲಸಕ್ಕೆ ಮರಳಿ ಎಂದಿತ್ತು. ಆ ತಿಂಗಳೇ ಮಸೂದೆ ಪಾಸಾಯಿತು, ಆದರೆ ಮೆತ್ತಗಾಗಿ. ಜೈಲಿನ ಮಾತು ಸಡಿಲವಾಯಿತು. ದರ ಗೊತ್ತುಮಾಡುವುದು ಸರ್ಕಾರದ ಆರೋಗ್ಯ ಯೋಜನೆಗಳ ಚಿಕಿತ್ಸೆಗಷ್ಟೇ ಉಳಿಯಿತು. ತುರ್ತು ಹೊತ್ತಿನಲ್ಲಿ ಮುಂಗಡ ಕೇಳಬಾರದು, ಬಿಲ್ಲು ಕಟ್ಟಲಿಲ್ಲವೆಂದು ಹೆಣ ಹಿಡಿದಿಡಬಾರದು ಎಂಬಂಥ ಒಳ್ಳೆಯ ಮಾತುಗಳೂ ಉಳಿದವು. ಬೆಳಗಾವಿಗೆ ಹೋದ ಮೇಲೆ ಐದೇ ದಿನದಲ್ಲಿ ಒಂದು ಸಂಘ ಸರ್ಕಾರದ ಕೈಯಿಂದ ಪೆನ್ನು ತೆಗೆದುಕೊಂಡು ಕೆಲವು ಸಾಲು ತಿದ್ದಿತು ಎಂದರೆ ತಪ್ಪಾಗಲಾರದು.

ನನಗೆ ವೈದ್ಯರ ಮೇಲೆ ಹಗೆಯಿಲ್ಲ. ಆ ನರ್ಸಿಂಗ್ ಹೋಮಿನ ಡಾಕ್ಟರು ಒಳ್ಳೆಯವರೇ. ಮುಂದೊಂದು ದಿನ ಅತ್ತೆಯನ್ನು ತೋರಿಸಲು ಹೋದಾಗ ನಾನು ಮುಖ ಬಿಗಿದುಕೊಂಡದ್ದನ್ನು ಕಂಡು ತಾವಾಗಿಯೇ ಅಂದರು: "ಟೀಚರ್, ರೋಗಿ ಉಳಿಯದಿದ್ದರೆ ಜೈಲು ಅನ್ನುವ ಹೆದರಿಕೆ ಇಟ್ಟುಕೊಂಡು ಕಷ್ಟದ ಕೇಸನ್ನು ಯಾರು ಮುಟ್ಟುತ್ತಾರೆ? ಎಲ್ಲರೂ ಹಾಸನಕ್ಕೆ ಕರೆದುಕೊಂಡು ಹೋಗಿ ಅಂತಾರೆ. ದಾರಿಯಲ್ಲಿ ಸಾಯೋರು ನಿಮ್ಮಂಥವರ ಅತ್ತೆಯರೇ." ಅದರಲ್ಲಿಯೂ ನ್ಯಾಯವಿತ್ತು. ಸಣ್ಣ ಊರಿನ ಡಾಕ್ಟರಿಗೆ ಅವರ ಸಂಘವೇ ನೆರಳು. ಅದು 1928ರಲ್ಲಿ ಹುಟ್ಟಿದ ಸಂಘ. ಓದಿದವರು, ದಾಖಲೆ ಇಟ್ಟವರು, ಕಾನೂನು ಬಲ್ಲವರು, ದೆಹಲಿಯ ಬಾಗಿಲುಗಳ ಪರಿಚಯ ಇದ್ದವರು ಅದರಲ್ಲಿದ್ದಾರೆ.

ದೆಹಲಿಯಲ್ಲಿಯೂ ಅವರ ಮಾತು ನಡೆದದ್ದುಂಟು. 2017ರ ಕೊನೆಗೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಸೂದೆಯಲ್ಲಿ, ಆಯುರ್ವೇದ, ಹೋಮಿಯೋಪಥಿ ಓದಿದವರು ಒಂದು ಕಿರು ತರಬೇತಿ ಪಡೆದು ಕೆಲವು ಅಲೋಪಥಿ ಔಷಧ ಬರೆದುಕೊಡಬಹುದು ಎಂದಿತ್ತು. 2018ರ ಜನವರಿ 2ರಂದು ಸಂಘ ದೇಶದಾದ್ಯಂತ ಪ್ರತಿಭಟಿಸಿತು. ಮಾರ್ಚ್ ಹೊತ್ತಿಗೆ ಆ ಅಂಶ ಹೊರಟುಹೋಯಿತು. ಹಾಗೆಂದು ಯಾವಾಗಲೂ ಅವರೇ ಗೆದ್ದರು ಎನ್ನುವಂತಿಲ್ಲ. ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಪರವಾನಗಿ ಕೊಡುವ ಅಂಶ ಬೇಡವೆಂದು 2019ರ ಜುಲೈ 31ರಂದು ಮತ್ತೆ ಕೆಲಸ ನಿಲ್ಲಿಸಿದರೂ ಕಾನೂನು ಬಂದೇ ಬಂತು. ಅರೆಬರೆ ಕಲಿತವರ ಕೈಗೆ ರೋಗಿಯನ್ನು ಕೊಡಬೇಡಿ ಎಂಬ ಅವರ ಮಾತನ್ನು ತಳ್ಳಿಹಾಕಲಾಗದು. ಆದರೆ ಪೂರ್ತಿ ಕಲಿತವರು ನಮ್ಮ ಹಳ್ಳಿಗೆ ಬರುತ್ತಾರೆಯೇ ಎಂಬ ಪ್ರಶ್ನೆ ಕೇಳಲು ಹಳ್ಳಿಯ ಬಸುರಿಯರಿಗೆ ಒಂದು ಸಂಘವಿಲ್ಲ. ಅವರಿಗಿರುವುದು ಆಶಾ ಒಬ್ಬಳೇ.

ಈ ಆಶಾ ಎನ್ನುವುದು 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕೂಸು. ಸುಮಾರು ಸಾವಿರ ಜನಕ್ಕೆ ಒಬ್ಬಳು. ಅದೇ ಊರಿನ ಹೆಂಗಸಾಗಿರಬೇಕು, ಹೊರಗಿನವಳಲ್ಲ. ಬಸುರಿಯನ್ನು ಗುರುತಿಸಿ ತಾಯಿ ಕಾರ್ಡು ಮಾಡಿಸುವುದು, ಕಬ್ಬಿಣದ ಮಾತ್ರೆ ನುಂಗಿದಳೋ ಇಲ್ಲವೋ ನೋಡುವುದು, ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವುದು ಅವಳ ಕೆಲಸ. ಮಗು ಹುಟ್ಟಿದ ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ, ನಲವತ್ತೆರಡನೆಯ ದಿನ ಮನೆಗೆ ಹೋಗಿ ತೂಕ ಹಾಕಿ, ಜ್ವರ ನೋಡಿ, ಮೊಲೆಹಾಲು ಕುಡಿಯುತ್ತಿದೆಯೇ ಎಂದು ವಿಚಾರಿಸಬೇಕು. ಈ ಆರು ಭೇಟಿಗೆ ಸೇರಿಸಿ ಗೊತ್ತಾದ ಪ್ರೋತ್ಸಾಹಧನ 250 ರೂಪಾಯಿ. ಅದನ್ನೂ ಪೋರ್ಟಲ್ಲಿನಲ್ಲಿ ತುಂಬಿಸಬೇಕು. ತುಂಬುವಾಗ ಒಂದು ಬಿಟ್ಟುಹೋದರೆ ಮಾಡಿದ ಕೆಲಸವೂ ಬಿಟ್ಟುಹೋದಂತೆ. ರಾಜ್ಯ ಸರ್ಕಾರ ಕೊಡುತ್ತಿದ್ದ ಗೌರವಧನ ಅವಳು ಆ ರಾತ್ರಿ ರೈಲು ಹತ್ತುವಾಗ ತಿಂಗಳಿಗೆ 5,000 ರೂಪಾಯಿ. ಸರ್ಕಾರದ ಲೆಕ್ಕದಲ್ಲಿ ಅವಳು ನೌಕರಳಲ್ಲ, ಸ್ವಯಂಸೇವಕಿ. ಇಂಥವರನ್ನೂ ಕಾರ್ಮಿಕರೆಂದು ಒಪ್ಪಿ ಕನಿಷ್ಠ ಕೂಲಿ ಕೊಡಿ ಎಂದು 2013ರ ಮೇ ತಿಂಗಳಲ್ಲಿಯೇ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. ಶಿಫಾರಸು ಕಾಗದದಲ್ಲಿಯೇ ಉಳಿಯಿತು.

ಕೋವಿಡ್ ಬಂದಾಗ ಈ ಸ್ವಯಂಸೇವಕಿ ಏನು ಮಾಡಿದಳು ಎಂಬುದನ್ನು ನೀವೂ ಕಂಡಿದ್ದೀರಿ. ನಾವು ಬಾಗಿಲು ಹಾಕಿಕೊಂಡು ಕಿಟಕಿಯಿಂದ ಇಣುಕುತ್ತಿದ್ದಾಗ ಅವಳು ಒಂದು ಬಟ್ಟೆಯ ಮಾಸ್ಕು ಕಟ್ಟಿಕೊಂಡು ಮನೆ ಮನೆ ತಿರುಗಿ ಜ್ವರ, ಕೆಮ್ಮು ಎಂದು ಬರೆದುಕೊಂಡಳು. ಕೆಲವು ಕಡೆ ಏಟೂ ತಿಂದರು. ಆಗ ವೈದ್ಯಕೀಯ ಸಂಘ ಮಾಡಿದ ಒಂದು ಉಪಕಾರವನ್ನು ಇಲ್ಲಿ ಹೇಳಲೇಬೇಕು. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆ ಖಂಡಿಸಿ 2020ರ ಏಪ್ರಿಲ್ 22ರಂದು ದೀಪ ಹಚ್ಚಿ ಪ್ರತಿಭಟಿಸುತ್ತೇವೆಂದು ಸಂಘ ಕರೆ ಕೊಟ್ಟಿತ್ತು. ಕೇಂದ್ರದ ಗೃಹಮಂತ್ರಿಗಳು ಅವರ ಜೊತೆ ಮಾತಾಡಿ ಭರವಸೆ ಕೊಟ್ಟರು, ಪ್ರತಿಭಟನೆ ನಿಂತಿತು. ಅದೇ ದಿನ ಹಲ್ಲೆ ಮಾಡಿದವರಿಗೆ ಏಳು ವರ್ಷದವರೆಗೆ ಶಿಕ್ಷೆ ವಿಧಿಸಬಹುದಾದ ಸುಗ್ರೀವಾಜ್ಞೆ ಬಂತು. ಡಾಕ್ಟರಿಗೆ ಹಿಡಿದ ಆ ಕೊಡೆಯ ಅಂಚಿನಲ್ಲಿ ನಮ್ಮ ಆಶಾಗೂ ಒಂದಿಷ್ಟು ನೆರಳು ಸಿಕ್ಕಿತು. ಇನ್ನೂ ಹಚ್ಚದ ದೀಪಕ್ಕೆ ಒಂದು ಸುಗ್ರೀವಾಜ್ಞೆ!

ಅದೇ ವರ್ಷ ಜುಲೈ 10ರಿಂದ ರಾಜ್ಯದ ಆಶಾ ಕಾರ್ಯಕರ್ತೆಯರು, ನಲವತ್ತು ಸಾವಿರಕ್ಕೂ ಹೆಚ್ಚು ಹೆಂಗಸರು, ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ, ಮಾಸ್ಕು, ಕೈಗವಸು ಕೊಡಿ ಎಂದು ಕೆಲಸ ನಿಲ್ಲಿಸಿದರು. ದಿನಗಳು ಕಳೆದವು, ಅವರು ಕೇಳಿದ 12,000 ಬರಲಿಲ್ಲ. 2022ರ ಮೇ 22ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಹೆಚ್ಚಿನ ಆಶಾಗಳಿಗೆ ಪ್ರಶಸ್ತಿ ಘೋಷಿಸಿತು. ನಾನು ಪತ್ರಿಕೆ ಹಿಡಿದುಕೊಂಡು ಇವಳಿಗೆ ಫೋನು ಮಾಡಿ ಅಭಿನಂದಿಸಿದೆ. "ಮೇಡಮ್ಮೋರೆ, ಅದನ್ನ ತೋರಿಸಿದ್ರೆ ಅಂಗಡೀಲಿ ಬೇಳೆ ಕೊಡ್ತಾರಾ?" ಎಂದಳು.

ಈ ಮೂರು ಮುಷ್ಕರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಡಾಕ್ಟರದು ಐದು ದಿನ, ನನ್ನದು ಒಂದು ದಿನಕ್ಕಿಂತ ಕಡಿಮೆ, ಅವಳದು ವರ್ಷಗಟ್ಟಲೆ. ಯಾಕೆ ಹೀಗೆ? ಡಾಕ್ಟರಿಗೆ ಮುಚ್ಚಲು ಒಂದು ಬಾಗಿಲಿದೆ. ಅದು ಮುಚ್ಚಿದ ಸಂಜೆಯೇ ಊರು ಬೊಬ್ಬಿಡುತ್ತದೆ. ನನಗೂ ಒಂದು ಶಾಲೆಯ ಬಾಗಿಲಿದೆ. ಅವಳ ಕೆಲಸವೋ, ಬೇರೆಯವರ ಬಾಗಿಲು ಬಡಿಯುವುದು. ಬಡಿಯುವವಳು ಬರದಿದ್ದರೆ ಯಾರಿಗೆ ತಿಳಿಯುತ್ತದೆ? ಇಪ್ಪತ್ತೊಂದನೆಯ ದಿನ ನೋಡಬೇಕಾದ ಮಗುವಿನ ತೂಕವನ್ನು ಯಾರೂ ನೋಡಲಿಲ್ಲ ಎಂದರೆ ಅಂದು ಏನೂ ಆಗುವುದಿಲ್ಲ. ಆ ಮಗು ಸೊರಗಿದರೆ ತಿಂಗಳ ಮೇಲೆ, ಸದ್ದಿಲ್ಲದೆ, ಯಾವುದೋ ಗುಡಿಸಿಲಿನಲ್ಲಿ. ಅದು ಮುಷ್ಕರದಿಂದ ಆಯಿತೆಂದು ಯಾರೂ ಬರೆಯುವುದಿಲ್ಲ. ಆಗಬಹುದಾದ ಕೇಡನ್ನು ಆಗದಂತೆ ನೋಡಿಕೊಳ್ಳುವವರ ಬೆಲೆ ಎಲ್ಲಿಯೂ ಹೀಗೆಯೇ. ಮನೆಯಲ್ಲಿ ನಮ್ಮದೂ ಅದೇ ಕಥೆಯಲ್ಲವೆ? ಹಾಲು ಉಕ್ಕಿದರೆ ಎಲ್ಲರೂ ಓಡಿ ಬರುತ್ತಾರೆ. ಉಕ್ಕದಂತೆ ನಿಂತು ನೋಡಿಕೊಂಡವಳನ್ನು ಕೇಳುವವರಿಲ್ಲ.

ಇದಕ್ಕಿಂತ ಹೆಚ್ಚು ಚುಚ್ಚಿದ ಮಾತೊಂದಿದೆ. ಡಾಕ್ಟರು ಮುಷ್ಕರ ಹೂಡಿದಾಗ ಅವರ ಬೇಡಿಕೆ ಏನು ಎಂದು ನಾವು ಕೇಳುತ್ತೇವೆ. ಆಶಾ ಮುಷ್ಕರ ಹೂಡಿದಾಗ ಬಾಣಂತಿಯರ ಗತಿ ಏನು ಎಂದು ಕೇಳುತ್ತೇವೆ. ಸೇವೆ, ತ್ಯಾಗ ಎಂಬ ದೊಡ್ಡ ಮಾತುಗಳೆಲ್ಲ ಸಂಬಳವಿಲ್ಲದವರ ಕಡೆಗೇ ಹರಿಯುತ್ತವೆ. ಅವಳಿಗೆ ಹಾಗೆ ಕೇಳಿದ್ದು ಮಂತ್ರಿಯಲ್ಲ, ಅಧಿಕಾರಿಯಲ್ಲ, ಅವಳಿಗೆ ಮೂಲಭೂತ ಹಕ್ಕುಗಳ ಪಾಠ ಮಾಡಿದ ನಾನು.

ಬೆಂಗಳೂರಿನ ಫ್ರೀಡಂ ಪಾರ್ಕು ಹಿಂದೆ ಸೆಂಟ್ರಲ್ ಜೈಲಾಗಿತ್ತು. ಜೈಲಿನ ಮಾತು ಬಂತೆಂದು ಎದ್ದ ವೈದ್ಯರು ಆ ಮಾತನ್ನು ಸಡಿಲಮಾಡಿಸಿದರು. ಇವರು ತಾವಾಗಿ ಹಳೆಯ ಜೈಲಿನ ಆವರಣಕ್ಕೆ ಹೋಗಿ ಜನವರಿಯ ಚಳಿಯಲ್ಲಿ ನಾಲ್ಕು ದಿನ ಮಲಗಿದರು. 10ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಂಘದವರನ್ನು ಕರೆದು ಮಾತಾಡಿ, ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವುದಾಗಿ ಹೇಳಿದರು. ಧರಣಿ ಮುಗಿಯಿತು. ಇವಳು ಊರಿಗೆ ಮರಳಿದಾಗ ಗಂಟಲು ಕಟ್ಟಿತ್ತು, ಕಾಲು ಊದಿತ್ತು. ಅಂದೇ ಸಂಜೆ ಯಾವುದೋ ಮಗುವಿನ ತೂಕ ಹಾಕಲು ಹೋದಳಂತೆ. ಓರಗಿತ್ತಿ ಫೋನಿನಲ್ಲಿ ಹೇಳಿದಳು.

ಏಪ್ರಿಲ್ ಬಂತು, ಹೋಯಿತು. ಕೊಟ್ಟ ಮಾತು ನಡೆಸಿಲ್ಲ ಎಂದು 2025ರ ಆಗಸ್ಟ್ 12ರಿಂದ ಮೂರು ದಿನ ಜಿಲ್ಲಾ ಕೇಂದ್ರಗಳಲ್ಲಿ ಮತ್ತೆ ಹಗಲು ರಾತ್ರಿ ಧರಣಿ. ಇವಳು ಹಾಸನಕ್ಕೆ ಹೋಗುತ್ತಾಳೆಂದು ತಿಳಿಯಿತು. ನಾನು ನಮ್ಮ ಸ್ಟಾಫ್ ರೂಮಿನಲ್ಲಿ ಮಾತು ತೆಗೆದೆ. ನಾಲ್ಕು ಜನ ಹೋಗಿ ನೋಡಿಕೊಂಡು ಬರೋಣವೇ ಎಂದೆ. "ಅವರ ವಿಷಯ ಬೇರೆ, ನಮ್ಮದು ಬೇರೆ ಮೇಡಂ" ಎಂದರು ಒಬ್ಬರು. ಮೊನ್ನೆಯವರೆಗೆ ನನ್ನ ಲೆಕ್ಕವೂ ಅದೇ ಆಗಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಬಾಯಿರಲಿಲ್ಲ.

ಒಂದು ದಿನ ಸಿ.ಎಲ್. ಹಾಕಿ ಒಬ್ಬಳೇ ಬಸ್ಸು ಹತ್ತಿದೆ. ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡಿದ್ದೆ. ಧೈರ್ಯದ ಮಾತೇನೂ ಹೇಳಿಕೊಳ್ಳುವುದಿಲ್ಲ. ಸರ್ಕಾರಿ ನೌಕರಿಯವಳು, ನಿವೃತ್ತಿಗೆ ಕೆಲವೇ ವರ್ಷ ಉಳಿದವಳು. ಪೆಂಡಾಲಿನ ಒಳಗೆ ಹೋಗಲು ಅಳುಕಾಯಿತು. ಆಚೆ ಮರದ ಕೆಳಗೆ ನಿಂತೆ. ಇವಳೇ ನೋಡಿ ಓಡಿಬಂದಳು. ಡಬ್ಬಿ ಇಸಿದುಕೊಂಡು "ನಮ್ಮ ಮೇಷ್ಟ್ರಮ್ಮ" ಎಂದು ಎಲ್ಲರಿಗೂ ತೋರಿಸಿದಳು. ಸಕಲೇಶಪುರದ ಕಡೆಯ ಹೆಂಗಸೊಬ್ಬಳು ಚಾಪೆಯ ತುದಿ ಬಿಡಿಸಿ ಕೂರಿಸಿದಳು.

"ಆವತ್ತು ಸ್ಟೇಷನ್ನಿನಲ್ಲಿ ನಾನು ಹಾಗೆ ಕೇಳಬಾರದಾಗಿತ್ತು ಕಣೇ" ಎಂದೆ. ಏಳು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು. ಆಗ ಅವಳ ಹೆಸರು ಹಿಡಿದೇ ಕರೆದಿದ್ದೆ.

ಅವಳಿಗೆ ಆ ಮಾತು ನೆನಪಿದ್ದಂತೆಯೂ ಕಾಣಲಿಲ್ಲ. "ಅಯ್ಯೋ ಬಿಡಿ ಮೇಡಮ್ಮೋರೆ, ಎಲ್ರೂ ಹಂಗೇ ಕೇಳ್ತಾರೆ" ಎಂದಳು.

ಎಲ್ಲರೂ ಹಾಗೆಯೇ ಕೇಳುತ್ತಾರೆ. ಅದೇ ನನ್ನನ್ನು ಕಾಡುತ್ತಿರುವುದು. ಸಂಜೆಯ ಬಸ್ಸಿಗೆ ನಾನು ಎದ್ದಾಗ ಅವಳು ಖಾಲಿ ಡಬ್ಬಿ ತೊಳೆದು ತಂದು ಕೊಟ್ಟಳು. ಬಸ್ಸಿನಲ್ಲಿ ತೆರೆದು ನೋಡಿದರೆ ಒಳಗೆ ಎರಡು ಬಾಳೆಹಣ್ಣು. ಬರಿಗೈಲಿ ಡಬ್ಬಿ ಹಿಂತಿರುಗಿಸಬಾರದಲ್ಲ.